ಎಡಗಡೇದು ಹಿಂದೆ ಬೀಳ್ತಿದೆ

...ಅಲ್ಲ ಕಣೇ ಗ್ವೆನ್, ಇದನ್ನ ಸದ್ದು ಅಂತಾರೇನೇ? ಹೊಲಿಗೆ ಮೆಷಿನ್ನು ಇದು! ನಿಮ್ಮಮ್ಮನ ಹಳೇ ಹೊಲಿಗೆ ಮೆಷಿನ್ನಿಗೂ ಇದಕ್ಕಿಂತ ಮಾನ ಮರ್ಯಾದೆ ಇತ್ತು. ಎರಡು ಸಿಲಿಂಡರಿನ ಮೋಟಾರ್‌ಬೈಕು ಅಂದ್ರೆ ಇಬ್ಬರು ಗಂಡಸರು ಬೂಟು ಹಾಕ್ಕೊಂಡು ಒಟ್ಟಿಗೆ ಹೆಜ್ಜೆ ಹಾಕ್ದಂಗಿರ್ಬೇಕು. ಧಡ್ ಧಡ್, ಧಡ್ ಧಡ್! ಇದು ನೋಡು, ಟಿಕಟಿಕ ಟಿಕಟಿಕ... ಛೀ! ಅರವತ್ತು ವರ್ಷದ ಗಾಡಿ ಇದು. ಅದರ ಕಾರ್ಬ್ಯುರೇಟರ್ ಎರಡನ್ನೂ ಕಿತ್ತು ಹೊಸಾದು ಕೂರ್ಸಿದ್ದಾನೆ ನಿನ್ನ ಗಂಡ. ಮುದುಕನಿಗೆ ಕಟ್ಟಿಸಿದ ಹಲ್ಲಿನ ಸೆಟ್ಟು ಹಾಕ್ದಂಗೆ! ನಗೋಕೂ ಆಗ್ದು, ಉಗುಳೋಕೂ ಆಗ್ದು.

ಏನಂದೆ? ಈ ಕಡೆ ತಿರುಗಿ ಹೇಳು. ಅಪ್ಪನ ಹತ್ರ ಮಾತಾಡೋವಾಗ ಗೋಡೆಗೆ ಮುಖ ಕೊಟ್ಕೊಂಡು ಗೊಣಗ್ಬಾರ್ದು, ನಿಮ್ಮಮ್ಮ ಇಷ್ಟೂ ಹೇಳಿಕೊಡ್ಲಿಲ್ವಾ?... ಹಾಂ. ಕೂಗ್ತಿದೀನಾ? ಕೂಗ್ದೆ ಇನ್ನೇನು ಮಾಡ್ಲಿ ಮಾರಾಯ್ತಿ, ಪಕ್ಕದಲ್ಲೇ ಗಾಡಿ ಓಡ್ತಿದೆಯಲ್ಲ! ಇಲ್ಲ, ಆರಿಸೋದು ಬೇಡ. ಓಡ್ಲಿ. ನಿನ್ನ ಕಿವಿಯಾರೆ ಕೇಳ್ಕೊಂಡು ಹೋಗಿ ಅವನಿಗೆ ಹೇಳು.

ಚಹಾನಾ? ಅಲ್ಲಿಡು, ಬೆಂಚಿನ ಮೇಲೆ. ಅಲ್ಲಲ್ಲ, ಆ ತುದೀಲಿ. ಗಾಡಿಗೆ ತಾಗ್ಕೊಂಡಿದೆಯಲ್ಲ, ಅಲ್ಲಿ. ಯಾಕೆ ಅಂದ್ರೆ ಏನು ಹೇಳ್ಲಿ? ನನ್ನ ಕಪ್ಪಿನ ಜಾಗ ಅದು. ವಯಸ್ಸಾದ್ಮೇಲೆ ಕಪ್ಪಿಗೂ ಒಂದು ಜಾಗ, ಮನುಷ್ಯನಿಗೂ ಒಂದು ಜಾಗ. ಇಟ್ಯಾ? ನೋಡು, ಚಹಾ ಹೆಂಗೆ ನಡುಗ್ತಿದೆ. ಪಾಪ, ಅದಕ್ಕೂ ಹೇಸಿಗೆ ಆಗಿರ್ಬೇಕು ಈ ಸದ್ದು ಕೇಳಿ!

ಕ್ರೇಗ್ ಕಷ್ಟಪಟ್ಟು ಮಾಡ್ದ ಅಂತೀಯಾ? ಪಟ್ಟಿರ್ತಾನೆ, ಪಟ್ಟಿರ್ತಾನೆ. ಕೈಲಾಗದವನು ಮೈ ಪರಚ್ಕೊಂಡ ಅನ್ನೋ ಹಾಗೆ. ಮರ್ತುಬಿಟ್ಯಾ, ಹೋದ ವಸಂತದಲ್ಲಿ ಏನು ಮಾಡ್ದ? ಹಳೇ ಕಾರ್ಬ್ಯುರೇಟರು ಎರಡೂ ಬಿಚ್ಚಿ ತೊಳ್ದುಕೊಡ್ತೀನಿ ಮಾವ ಅಂತ ಬಂದ. ತೊಳ್ದ. ಪಳಪಳ ಅನ್ನೋ ಹಾಗೆ ತೊಳ್ದ. ವಾಪಸ್ ಹಾಕೋವಾಗ... ನಗ್ತೀಯಾ? ನಗು ನಗು, ನಿನ್ನ ಗಂಡನೇ ತಾನೆ! ಎಡಗಡೇದನ್ನ ಬಲಕ್ಕೆ ಹಾಕ್ದ, ಬಲಗಡೇದನ್ನ ಎಡಕ್ಕೆ! ಬೂಟು ಅದಲುಬದಲು ಹಾಕ್ಕೊಂಡು ಮದುವೆಗೆ ಹೋದ ಮಹಾನುಭಾವ. ಸ್ಟಾರ್ಟ್ ಮಾಡೋ ಮುಂಚೆ ಅದುಮಿ ಪೆಟ್ರೋಲು ಉಕ್ಕಿಸ್ತೀವಲ್ಲ, ಆ ಕಚಗುಳಿ ಗುಂಡಿ ಎರಡೂ ಹೊರಗಡೆ ಇರ್ಬೇಕಾದ್ದು ಒಳಗಡೆ ಹೋಗಿ ಒಂದಕ್ಕೊಂದು ಮುಖ ನೋಡ್ಕೊಂಡು ಕೂತ್ವು. ಬೆರಳು ಹೋಗಲ್ಲ! ನಮ್ಮ ಹಳೇ ಗಾಡಿ ಕ್ಲಬ್ಬಿನವರೆಲ್ಲ ಸುತ್ತ ನಿಂತಿದ್ದಾರೆ, ನಾನು ನಿಮ್ಮಮ್ಮನ ಸ್ವೆಟರ್ ಹೆಣೆಯೋ ಕಡ್ಡಿ ತೂರ್ಸಿ ಕಚಗುಳಿ ಇಡ್ತಿದೀನಿ! ಆ ಅವಮಾನ ಮುಚ್ಕೊಳ್ಳೋಕೆ ತಾನೇ ಈ ಹೊಸ ಜೋಡಿ ತಂದಿದ್ದು ಅವನು? ಇದಕ್ಕೆ ಎಡ ಬಲ ಅನ್ನೋ ತಂಟೆ ಇಲ್ವಂತೆ. ಕಚಗುಳಿ ಗುಂಡೀನೂ ಇಲ್ವಂತೆ. ಒಂದು ಸಣ್ಣ ಕಡ್ಡಿ ಎತ್ತಿದ್ರೆ ಸಾಕಂತೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲು, ಇವನು ನೆಲಾನೇ ಅಗೆದು ಹೊಸಾದು ಹಾಕ್ಸಿದ!

ಅಳಿಯ ಅಲ್ಲ, ಮಗಳ ಗಂಡ! ನಾನು ಆಸ್ಪತ್ರೇಲಿ ಸೊಂಟದ ಆಪರೇಷನ್ ಮಾಡಿಸ್ಕೊಂಡು ಮಲಗಿದ್ದಾಗ ಬಂದು ಕಳ್ಳನ ಹಾಗೆ ಹಾಕಿಹೋಗಿದ್ದಾನೆ. ಉಡುಗೊರೆಯಂತೆ. ಜೊತೆಗೆ ಎರಡು ಮುಳ್ಳಿನ ಮೀಟರು ಬೇರೆ ತಂದಿದ್ದ. ಎರಡು ಮುಳ್ಳೂ ಒಂದೇ ಕಡೆ ನಿಂತ್ರೆ ಎರಡು ಕಾರ್ಬ್ಯುರೇಟರೂ ಸಮ ಅಂತ ಲೆಕ್ಕ. ಅಯ್ಯೋ ಮಂಕೇ! ಎರಡೂ ಒಂದೇ ಉಸಿರಲ್ಲಿ ಪೆಟ್ರೋಲು ಕುಡಿತಿವೆಯೋ ಇಲ್ವೋ ಅಂತ ಮುಳ್ಳು ನೋಡಿ ಹೇಳ್ತಾರೇನು? ಕಿವಿ ಬೇಕು, ಕಿವಿ! ಅವನ ಮುಂದೆ ಇಂಜಿನ್ ಓಡ್ಸೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರ್ಸೋದೂ ಒಂದೇ.

ನಮ್ಮ ಡಡ್ಲಿ ಊರಲ್ಲಿ ಯಾರನ್ನ ಬೇಕಾದ್ರೂ ಕೇಳು. ಸಿರಿಲ್ ಟಾಂಕ್ಸ್ ಅಂದ್ರೆ ಏನು ಅಂತಾರೆ? ಕಿವಿ ಅಂತಾರೆ. ಬೀದಿ ಆ ತುದೀಲಿ ಗಾಡಿ ಬರೋವಾಗ ಇಲ್ಲಿ ಅಡುಗೆಮನೇಲಿ ಕೂತು ಮೊಟ್ಟೆ ತಿಂತಾ ಹೇಳ್ತಿದ್ದೆ, ಎಡಗಡೇದು ಹಿಂದೆ ಬೀಳ್ತಿದೆ ಅಂತ. ಬಂದು ಬಿಚ್ಚಿ ನೋಡಿದ್ರೆ ಎಡಗಡೇದೇ! ನೀನು ಚಿಕ್ಕವಳಿದ್ದಾಗ ಕಣ್ಣು ಬಿಟ್ಕೊಂಡು ನೋಡ್ತಿದ್ದೆ, ಅಪ್ಪ ಮಂತ್ರವಾದಿ ಅಂತ. ಈಗ ಯಾಕೆ ಹಾಗೆ ನೋಡ್ತೀಯ? ಅದೇ ಅಪ್ಪ ಕಣೇ ನಾನು.

ಏನು? ನಿಧಾನ ಹೇಳು... ಆಂಬ್ಯುಲೆನ್ಸಾ! ಓಹೋ, ಅದನ್ನೂ ಊದಿಬಿಟ್ನಾ ನಿನ್ನ ಕಿವಿಗೆ? ನೋಡು, ಆ ಡ್ರೈವರ್ ಸೈರನ್ ಹಾಕಿರ್ಲಿಲ್ಲ. ನಾನು ಗಾಡೀಲಿ ಹೋಗ್ತಿದ್ರೆ ಸುಮ್ನೆ ಕಳ್ಳಬೆಕ್ಕಿನ ಹಾಗೆ ಹಿಂದಿಂದ ಬಂದ, ದಾರಿ ಬಿಡು ಅಂತ. ನಂಗೇನು ಬೆನ್ನಲ್ಲಿ ಕಣ್ಣಿದೆಯಾ? ...ಇಡೀ ಬೀದಿಗೆ ಕೇಳಿಸ್ತು ಅಂದ್ನಾ ಕ್ರೇಗ್? ಹಿಂದೆ ಕಾರಲ್ಲಿ ಗಾಜು ಏರ್ಸಿಕೊಂಡು ಹಾಡು ಹಾಕ್ಕೊಂಡು ಬರ್ತಿದ್ದೋನಿಗೆ ಕೇಳಿಸ್ತಂತೆ, ಮುಂದೆ ಇದ್ದ ನಂಗೆ ಕೇಳಿಸ್ಲಿಲ್ವಂತೆ! ನನ್ನ ಕಿವಿಗೆ ಹೂವು ಇಡ್ಬೇಡಿ ಇಬ್ರೂ.

ಅದಕ್ಕೇನಾ ಬೆಳಗ್ಗೆಯಿಂದ ಮುಖ ಸಣ್ಣ ಮಾಡ್ಕೊಂಡಿರೋದು? ಭಾನುವಾರ ಬರಲ್ವಾ ಹಾಗಾದ್ರೆ? ...ಯೋಚ್ನೆ ಮಾಡ್ತೀನಿ ಅಂದ್ರೆ ಏನರ್ಥ? ಕಡಲತೀರಕ್ಕೆ ಕ್ಲಬ್ಬಿನ ಸವಾರಿ, ಮೂವತ್ತು ಗಾಡಿ, ಎಲ್ಲರ ಮುಂದೆ ನಾನು. ಯಾವತ್ತೂ ಮುಂದೆ ನಾನೇ. ಹಿಂದೆ ಸೀಟಲ್ಲಿ ನಿಮ್ಮಮ್ಮ ಇರ್ತಿದ್ಲು. ಅವಳಿಲ್ಲ ಅಂತ ಅಮ್ಮನ ಜಾಗದಲ್ಲಿ ನಾನು ಕೂರ್ತೀನಿ ಅಂತ ನೀನೇ ಬಾಯ್ಬಿಟ್ಟು ಹೇಳ್ದೆ. ನಾನೇನು ಕೇಳಿರ್ಲಿಲ್ಲ. ಈಗ ಸೀಟು ಖಾಲಿ ಬಿಟ್ಕೊಂಡು ಹೋದ್ರೆ ಆ ಮುದಿಗೂಬೆಗಳೆಲ್ಲ ಏನಂತಾರೆ? ಸಿರಿಲ್ ಹಿಂದೆ ಕೂರೋಕೆ ಸ್ವಂತ ಮಗಳಿಗೇ ಭಯ ಅಂತಾರೆ!

ಹೂಂ, ತಣ್ಣಗಾಗುತ್ತೆ. ಕೊಡು ಇಲ್ಲಿ. ಬಿಸ್ಕತ್ತೂ ಕೊಡು, ಆ ಶುಂಠಿ ಹಾಕಿದ್ದು. ನೀನು ಯಾಕೆ ಹ್ಯಾಂಡಲ್ ಹತ್ರ ಹೋಗಿ ನಿಂತೆ? ಸರಿ ನಿಂತ್ಕೋ, ನಿಮ್ಮಮ್ಮನೂ ಹಾಗೇ ಒರಗಿ ನಿಲ್ತಿದ್ಲು. ಅಲ್ಲೇ ಇರು, ನಿಂಗೊಂದು ತೋರಿಸ್ಬೇಕು. ಎಲ್ಲಿಟ್ಟೆ... ಈ ಹಾಳಾದ ಕಪಾಟು... ಕೂತ್ರೆ ಏಳೋಕಾಗಲ್ಲ, ಎದ್ರೆ ಬಗ್ಗೋಕಾಗಲ್ಲ... ಹಾಂ, ಈ ಬಿಸ್ಕತ್ ಡಬ್ಬ. ಒಳಗಿದಾರೆ ಇಬ್ಬರೂ ಹಳೇ ಗೆಳೆಯರು, ನನ್ನ ಹಳೇ ಕಾರ್ಬ್ಯುರೇಟರು. ನಿಮ್ಮಮ್ಮನ ಚಳಿಯಂಗೀಲಿ ಸುತ್ತಿಟ್ಟಿದೀನಿ.

ನೋಡು ಇದು ಎಡಗಡೇದು. ಈ ಗುಂಡಿ ಅದುಮು, ಪೆಟ್ರೋಲು ಉಕ್ಕಿ ಬೆರಳು ಒದ್ದೆಯಾಗ್ಬೇಕು. ಆಮೇಲೆ ಆ ಕಡೆ ಹೋಗಿ ಇನ್ನೊಂದು. ಆಮೇಲೆ ಒದಿ! ಕಚಗುಳಿ ಇಡೋದು ನಿಮ್ಮಮ್ಮನ ಕೆಲಸ. ಒದೆಯೋದು ನನ್ನ ಕೆಲಸ. ಅವಳು ಎರಡೂ ಕಡೆ ಅದುಮಿ, ಒದ್ದೆ ಬೆರಳನ್ನ ನನ್ನ ಸ್ಕಾರ್ಫಿಗೆ ಒರೆಸೋಳು. ಪ್ರತಿ ಸಲ! ಬೇಡ ಕಣೇ ಬೆರಿಲ್, ದಾರಿಯುದ್ದಕ್ಕೂ ಮೂಗಿಗೆ ಪೆಟ್ರೋಲು ಹೊಡೆಯುತ್ತೆ ಅಂದ್ರೆ, ಅದಕ್ಕೇ ಒರೆಸ್ತಿರೋದು, ಹಿಂದೆ ನಾನಿದೀನಿ ಅಂತ ನೆನಪಿರ್ಲಿ ಅನ್ನೋಳು. ಎಂಥಾ ಜೋರು ಹೆಂಗಸು! ಈ ಹೊಸಾದ್ರಲ್ಲಿ ಅದುಮೋಕೇನಿದೆ? ಒರೆಸೋಕೇನಿದೆ? ಕೈ ತೊಳ್ಕೊಂಡು ಬಂದ ಗುಮಾಸ್ತರ ಥರ ಕಡ್ಡಿ ಎತ್ತು, ಹೊರಡು. ಥೂ!

ಶ್... ಶ್! ಕೇಳು. ಈಗ ಕೇಳಿಸ್ತಾ? ಎಡಗಡೇದು ಹಿಂದೆ ಬೀಳ್ತಿದೆ. ಕೂದಲೆಳೆಯಷ್ಟು. ಬಲಗಡೇದು ಒಂದು ಅನ್ನೋ ಹೊತ್ತಿಗೆ ಎಡಗಡೇದು... ಹಾಂ, ಈಗ ಅಂತು. ನೋಡಿದ್ಯಾ! ನಿನ್ನ ಗಂಡನ ಮುಳ್ಳಿಗೆ ಇದು ಸಿಗುತ್ತಾ? ನನ್ನ ಬೆನ್ನು ತಿರುಗಿದೆ, ಗಾಡಿ ಕಡೆ ನೋಡ್ತಾನೂ ಇಲ್ಲ, ಆದ್ರೂ ಹೇಳ್ತಿದೀನಿ. ಇದಕ್ಕೆ ಕಿವಿ ಅನ್ನೋದು! ಹೋಗಿ ಹೇಳು ಅವನಿಗೆ, ಶನಿವಾರ ಬಂದು ಇದನ್ನ ಕಿತ್ತು ನನ್ನ ಹಳೇದು ವಾಪಸ್ ಕೂರಿಸ್ಲಿ. ಎಡ ಯಾವುದು ಬಲ ಯಾವುದು ಅಂತ ಬೇಕಾದ್ರೆ ಸೀಮೆಸುಣ್ಣದಲ್ಲಿ ಬರ್ದುಕೊಡ್ತೀನಿ!

ಅದೇನು, ಆ ಪಕ್ಕದ್ಮನೆ ಬ್ಯಾಗ್ಲಿ ಯಾಕೆ ಬೇಲಿ ಮೇಲಿಂದ ಇಣುಕ್ತಿದ್ದಾನೆ? ಪಾರಿವಾಳ ಸಾಕ್ಕೊಂಡು ಬಿದ್ದಿರೋದು ಬಿಟ್ಟು... ಏನಯ್ಯಾ ಬ್ಯಾಗ್ಲಿ! ಗಾಡಿ ಸದ್ದು ತೊಂದ್ರೆನಾ? ಇನ್ನು ಎರಡೇ ನಿಮಿಷ, ಆಮೇಲೆ ಆರಿಸ್ತೀವಿ! ...ಯಾಕೆ ಹಾಗೆ ಬಾಯಿ ಬಿಟ್ಕೊಂಡು ನೋಡ್ತಿದ್ದಾನೆ ಮಂಗ? ಗ್ವೆನ್, ಅವನಿಗೇನಾಯ್ತೇ?

ನಿಂಗೇನಾಯ್ತೇ? ಯಾಕೆ ಕಣ್ಣು ಒದ್ದೆ? ಹೊಗೆನಾ? ಷೆಡ್ಡಿನ ಬಾಗಿಲು ಪೂರಾ ತೆಗಿ ಅಂದ್ನಲ್ಲ. ತಡಿ, ಈ ಕಪ್ಪು ಮೊದ್ಲು ಅದರ ಜಾಗದಲ್ಲಿಟ್ಟು...

...

ಚಹಾ ಅಲ್ಲಾಡ್ತಿಲ್ಲ.

ತಳದಲ್ಲಿ ಇಷ್ಟಿದೆ. ಅಲ್ಲಾಡ್ತಿಲ್ಲ. ಬೆಂಚು ಸರಿಸಿದ್ಯಾ? ಇಲ್ಲ, ತಾಗ್ಕೊಂಡೇ ಇದೆ. ನಿನ್ನ ಕೈ... ಎತ್ತು ಕೈ. ಇಂಜಿನ್ ಆರಿಸೋ ಗುಂಡಿ ಮೇಲಿದೆ ನಿನ್ನ ಕೈ.

ಯಾವಾಗ ಆರಿಸ್ದೆ?

ಹೇಳು. ಡಬ್ಬ ತೆಗೆಯೋಕೆ ತಿರುಗಿದ್ನಲ್ಲ, ಆಗ್ಲೇನಾ? ಅಮ್ಮ ನನ್ನ ಸ್ಕಾರ್ಫಿಗೆ ಒರೆಸೋ ಕತೆ ಹೇಳಿದ್ದು... ಅದು ಆರಿಸಿದ್ಮೇಲಾ? ಶ್ ಅಂದ್ನಲ್ಲ, ಎಡಗಡೇದು ಹಿಂದೆ ಬೀಳ್ತಿದೆ ಕೇಳು ಅಂದ್ನಲ್ಲ... ಅಷ್ಟೊತ್ತಿಗೆ ಎಡವೂ ಇರ್ಲಿಲ್ಲ, ಬಲವೂ ಇರ್ಲಿಲ್ಲ. ನಾನು ಈ ಷೆಡ್ಡಲ್ಲಿ ಒಬ್ಬನೇ ಕಿರಿಚ್ಕೊಂಡು... ಅದಕ್ಕೇ ಬ್ಯಾಗ್ಲಿ. ಥೂ ನನ್ನ ಜನ್ಮಕ್ಕೆ!

ಮಹಾ ಜಾಣೆ ಕಣೇ ನೀನು. ಅಪ್ಪನಿಗೇ ಪರೀಕ್ಷೆ ಇಡ್ತೀಯ? ನಾಚ್ಕೆ ಆಗಲ್ವಾ? ನೆಗಡಿ ನಂಗೆ, ಕಿವಿ ಕಟ್ಕೊಂಡಿದೆ ಅಷ್ಟೆ, ನಾಳೆ ಎಣ್ಣೆ ಬಿಟ್ರೆ... ಏನಾದ್ರೂ ಅನ್ನು. ಬೈಯೋದಾದ್ರೂ ಬೈಯಿ.

...ಎಡಗಡೇದು ಮೊದ್ಲು ಹೋಯ್ತು. ಅಮ್ಮ ತೀರ್ಕೊಂಡ ವರ್ಷ. ಯಾರಿಗೆ ಹೇಳ್ಲಿ? ಬಲಗಡೇದು ಇದೆಯಲ್ಲ ಅಂತ ಸುಮ್ನಿದ್ದೆ. ಈ ಚಳಿಗಾಲ ಅದೂ ಹಿಂದೆ ಬಿತ್ತು. ನೀನು ಮಾತಾಡೋವಾಗ ತುಟಿ ನೋಡ್ತೀನಿ. ಗಾಡಿಗೆ ತುಟಿ ಇಲ್ವಲ್ಲ, ಅದಕ್ಕೆ ಚಹಾ ನೋಡ್ತೀನಿ. ಕ್ಲಬ್ಬಲ್ಲಿ ಗಾಡಿ ಮುಂದೆ ತಂದು ನಿಲ್ಸಿ, ಸಿರಿಲ್ ಕೇಳಿ ಹೇಳು ಅಂತಾರೆ. ಏನು ಹೇಳೋದು? ಎಡಗಡೇದು ಹಿಂದೆ ಬೀಳ್ತಿದೆ ಅಂತೀನಿ. ಎಲ್ಲರೂ ತಲೆ ಆಡಿಸ್ತಾರೆ. ಕತ್ತೆಗಳು! ಒಬ್ಬನಿಗೂ ಅನುಮಾನ ಬರ್ಲಿಲ್ಲ. ಬಂದಿದ್ದು ಆ ನಿನ್ನ ಎಡಬಲ ಗೊತ್ತಿಲ್ಲದ ಗಂಡನಿಗೆ!

ಆ ಆಂಬ್ಯುಲೆನ್ಸ್ ಒಳಗೆ ಯಾರಿದ್ರೋ... ನನ್ನ ಹಿಂದೇನೇ ಬಂತು, ಆ ತಿರುವಿನವರೆಗೂ. ಕನ್ನಡೀಲಿ ದೀಪ ಕಂಡ್ಮೇಲೇ ನಂಗೆ ಗೊತ್ತಾಗಿದ್ದು ಕಣೇ.

ಭಾನುವಾರ ನೀನು ಹಿಂದೆ ಕೂರೋದು ಬೇಡ. ನಾನು ಮುಂದೆ ಕೂರೋದೂ ಬೇಡ. ಕ್ರೇಗ್ ಓಡಿಸ್ಲಿ. ನಾನು ಹಿಂದೆ, ಅಮ್ಮನ ಜಾಗದಲ್ಲಿ... ಅಯ್ಯೋ, ಆ ದಡ್ಡನ ಸೊಂಟ ಹಿಡ್ಕೊಂಡು ಕಡಲವರೆಗೂ! ಮೂವತ್ತು ಜನ ನೋಡ್ತಾರೆ! ನಗ್ಬೇಡ. ನಗ್ತಿದೀಯೋ ಅಳ್ತಿದೀಯೋ, ಎರಡೂ ಬೇಡ.

ಗಾಡಿ ಸ್ಟಾರ್ಟ್ ಮಾಡು. ಇನ್ನೂ ಬಿಸಿ ಇದೆ, ಒಂದೇ ಒದೆಗೆ ಬರುತ್ತೆ. ಹೂಂ... ಬಂತಾ? ತಡಿ, ಟ್ಯಾಂಕಿನ ಮೇಲೆ ಕೈ ಇಡ್ತೀನಿ. ಹಾಂ. ಬಂತು.

ಈಗ ಹೇಳು. ನಾನು ಸೊಂಟ ಸರಿಮಾಡ್ಕೊಂಡು ಬಂದಾಗಿನಿಂದ ಹೊಲಿಗೆ ಮೆಷಿನ್ನು, ಹೊಲಿಗೆ ಮೆಷಿನ್ನು ಅಂತಾನೇ ಬಂದೆ. ಒಂದು ದಿನಾನೂ ಇದು ನಂಗೆ ಕೇಳಿಸಿಲ್ಲ ಮಗಳೇ. ನಿನ್ನ ಗಂಡನ ಈ ದರಿದ್ರದ ಹೊಸಾದು... ಅದರ ಸದ್ದು ಹೇಗಿದೆ?

ಅತ್ತ ಅಲ್ಲ. ಈ ಕಡೆ ತಿರುಗಿ ಹೇಳು.