ಚೆಲ್ಲಿದ ಸಾರು

ಕೊರಿಯಾದ ಇಕ್ಸಾನ್‌ನ ಕ್ರೀಡಾಂಗಣದೆದುರು ಸಾರಿನಂಗಡಿಯ ಸಾಲಿನಲ್ಲಿ ನನ್ನ ಮುಂದೆ ಕತ್ತಿವರಸೆಯ ಇಬ್ಬರು ಹುಡುಗಿಯರು ನಿಂತಿದ್ದರು. ಚಿಕ್ಕವಳ ತೋಳಿನ ತುಂಬ ಬಾಸುಂಡೆ.

"ಕೊನೇ ಏಟು ಅಷ್ಟು ಜೋರಾಗಿ ಬೇಕಿತ್ತಾ, ಅಕ್ಕ?"

"ನಿನ್ನ ಕಾಲು ನಡುಗ್ತಿತ್ತು, ದಾಸೋಲ್. ನಡುಗೋದು ಕಂಡ್ಮೇಲೆ ಬಿಡ್ತೀನಾ?"

"ನಾಲ್ಕನೇ ಪಂದ್ಯಕ್ಕೆ ಮೈಯಲ್ಲಿ ಕಸುವೇ ಇರ್ಲಿಲ್ಲ. ಬೆಳಗ್ಗೆಯಿಂದ ಏನೂ ತಿಂದಿರ್ಲಿಲ್ಲ."

"ತಲೆ ಕೆಟ್ಟಿತ್ತಾ?"

"ನನ್ನ ಹುಟ್ಟಿದ ಹಬ್ಬ ಅಂತ ಅಮ್ಮ ಕಡಲಪಾಚಿ ಸಾರು ಮಾಡಿದ್ಲು. ಪಂದ್ಯದ ದಿನ ಆ ಲೋಳೆ ಸಾರು ಕುಡಿದ್ರೆ ಜಾರಿ ಬೀಳ್ತಾರೆ ಅಂತಾರಲ್ಲ, ಕದ್ದು ಚೆಲ್ಲಿಬಿಟ್ಟೆ."

"ಹಸಿದು ಬಿದ್ದೆ ನೀನು."

"ನಾನು ಕುಡಿದೆ ಅಂದ್ಕೊಂಡು ಅಮ್ಮ ಫೋನಲ್ಲಿ ಅಳ್ತಿದ್ಲು, ತನ್ನ ಸಾರಿಂದ್ಲೇ ನಾನು ಬಿದ್ದೆ ಅಂತ."

ದೊಡ್ಡವಳು ಅವಳ ತೋಳಿನ ಬಾಸುಂಡೆ ನೋಡಿದಳು. ಅಂಗಡಿಯೊಳಗಿಂದ ಇಬ್ಬರನ್ನೂ ಕರೆದರು.

"ಅಕ್ಕ ಹೊಡೆದು ಕೆಡವಿದ್ಲು ಅಂತ ನಿಮ್ಮಮ್ಮಂಗೆ ಹೇಳು, ಬಾಸುಂಡೆ ತೋರಿಸು. ಸಾಲ್ದಿದ್ರೆ ಊಟ ಆದ್ಮೇಲೆ ಇನ್ನೆರಡು ಬಾರಿಸ್ತೀನಿ, ನಡಿ."