ಹಗ್ಗ ಜಗ್ಗು, ನಾಗೇಶ

...ಏನಂದೆ? ಜೋರಾಗಿ ಕೂಗೋ! ಬಾವಿ ತಳದಾಗೆ ನಿಂತು ಆಡಿದ್ ಮಾತು ಮೇಲಕ್ಕೆ ಬರೋದ್ರಾಗೆ ಬರೀ ಗುಂಯ್ ಅಂತೈತೆ. ಹೋಗ್ಲಿ ಬಿಡು. ಬುಟ್ಟಿ ತುಂಬಿದ್ರೆ ಹಗ್ಗ ಜಗ್ಗು, ಅಷ್ಟೇ ಸಾಕು. ಆಂ, ಹಂಗೆ. ಎಳೀತೀನಿ ತಾಳು... ಅಯ್ಯಪ್ಪಾ, ಏನ್ ಭಾರ!

ನಗ್ತೀಯಾ? ನಗು ನಗು. ಅತ್ತಿಗೆ ನಿಂಗಮ್ಮನ ರಟ್ಟೆ ಕಳಚಿ ಬೀಳ್ತಾವೆ, ಮೈದುನಂಗೆ ನಗು! ಶಿರಾಳಕೊಪ್ಪಕ್ಕೆ ಪೈಪು ತರಕ್ಕೆ ಹೋದ ನಿಮ್ಮಣ್ಣ ಇನ್ನೂ ಪತ್ತೆ ಇಲ್ಲ. ಇನ್ನೊಂದೆರಡು ಬುಟ್ಟಿ ಹೂಳು ತೆಗಿ, ಸೆಲೆ ಸಿಗ್ತೈತೆ. ಸಿಗ್ಲೇಬೇಕು! ದೊಡ್ಡಿಯಾಗೆ ಕುರಿ ಒದರೋದು ಕೇಳಕ್ಕಾಗ್ತಿಲ್ಲ ಕಣೋ. ನಿನ್ನೆಯಿಂದ ಮರಿಗಳು ನನ್ನ ಸೆರಗು ಚೀಪ್ತಾವೆ. ಟ್ಯಾಂಕರ್ನೋನು ಫೋನೇ ಎತ್ತಲ್ಲ.

ಏನು, ಹಾವಾ? ಹಾವೂ ಇಲ್ಲ, ಏನೂ ಇಲ್ಲ! ಬೆಳಿಗ್ಗೆ ನಾನೇ ಇಣುಕಿ ನೋಡೀನಿ. ಅಗಿ ನೀನು.

ನಾನು ಮದುವೆಯಾಗಿ ಬಂದಾಗ, ಮಳೆಗಾಲದಾಗೆ, ಬಗ್ಗಿ ಅದ್ದಿದ್ರೆ ಬಿಂದಿಗೆ ತುಂಬ್ತಿತ್ತು ಈ ಬಾವಿಯಾಗೆ. ನೀನಾಗ ಚಡ್ಡಿ ಇಲ್ದೆ ಧುಮುಕ್ತಿದ್ದೆ, ಮರೆತ್ಯಾ? ಪಕ್ಕದ ಮಹೇಶ್ವರಪ್ಪನೋರು ಆರ್ನೂರು ಅಡಿ ಬೋರು ಹೊಡೆಸಿದ್ರು, ಬಾವಿ ನೀರು ಒಂದೊಂದೇ ಮೆಟ್ಲು ಇಳೀತು. ಅವರನ್ನ ಯಾಕೆ ಅನ್ಬೇಕು, ನಾವೂ ಹೊಡೆಸಿದ್ವಲ್ಲ! ಈಗ ಎರಡೂ ಬೋರಾಗೆ ಬರೀ ಗಾಳಿ. ಮಳೆ ಬರ್ಲಿಲ್ಲ ಅನ್ನಂಗೂ ಇಲ್ಲ. ವರ್ಷದ್ದೆಲ್ಲ ಒಂದೇ ವಾರದಾಗೆ ಸುರಿದು, ನೆಲ ಒಂದು ಗುಟುಕು ಕುಡಿಯೋದ್ರೊಳಗೆ ಹಳ್ಳಕ್ಕೆ ಓಡೋಯ್ತು...

ಅಯ್, ನಾಗೇಶ! ಈ ಬುಟ್ಟಿ ಮಣ್ಣು ತಂಪೈತೆ! ಮುಷ್ಟಿ ಕಟ್ಟಿದ್ರೆ ಉಂಡೆ ಆಗ್ತೈತೆ ಕಣೋ!

ಏನು, ತಲೆ ಸುತ್ತಾ? ಒಂದೇ ರೊಟ್ಟಿ ತಿಂದು ಇಳಿದ್ರೆ ಇನ್ನೇನಾಗ್ತೈತೆ. ಕೂತ್ಕ ಸ್ವಲ್ಪ. ಬೇಕಾದ್ರೆ ಬೀಡಿ ಹಚ್ಕ, ನಿಮ್ಮಣ್ಣಂಗೆ ಹೇಳಲ್ಲ.

...ಹತ್ತಲ್ವಾ? ಕಡ್ಡಿ ಹತ್ತಲ್ವಾ?

ಬೆವರಿಗೆ ಒದ್ದೆಯಾಗಿರ್ತಾವೆ. ಅಷ್ಟೇ. ಅಷ್ಟೇ ಇರ್ತೈತೆ... ಇನ್ನೊಂದು ಗೀರು ನೋಡಾಣ. ಆರ್ತಾ? ಅದೂ ಆರ್ತಾ?

ನಾಗೇಶ, ಹತ್ತಿ ಬಾ. ಸಾಕು, ಬಾ ಮೇಲೆ. ಯಾಕೆ ಅಂತ ಕೇಳ್ಬ್ಯಾಡ, ಮೆಟ್ಲು ಹಿಡ್ಕಂಡು ಹತ್ತು! ಗುದ್ಲಿ ಅಲ್ಲೇ ಬಿಡು! ಏನಿಲ್ಲಪ್ಪ, ಊಟಕ್ಕೆ ಹೊತ್ತಾಯ್ತು ಅಂತ ಕರೆದೆ...

ಕೂತಿದ್ದೋನು ಯಾಕೆ ವಾಲ್ಕಂಡೆ? ನಾಗೇಶ? ತಮಾಷೆ ಮಾಡ್ಬ್ಯಾಡ್ವೋ, ನಂಗೆ ಹೆದ್ರಿಕೆ ಆಗ್ತೈತೆ. ಹಗ್ಗ ಜಗ್ಗು. ಒಂದ್ಸಲ ಜಗ್ಗಿದ್ರೆ ಸಾಕು. ನೋಡು, ನಾನು ಜಗ್ತೀನಿ... ಈಗ ನೀನು... ಜಗ್ಗೋ!

ತಾಳು, ನಾನೇ ಇಳೀತೀನಿ. ಇಳೀತೀನಿ... ಇಲ್ಲ. ಆಗ್ತಿಲ್ಲ ಕಣೋ. ಒಂದು ಮೆಟ್ಲಿಗೆ ಇಟ್ಟ ಕಾಲು ಮುಂದಕ್ಕೆ ಹೋಗ್ತಿಲ್ಲ.

ಬೈಕಿನ ಸದ್ದು... ನಿಮ್ಮಣ್ಣ ಬಂದ್ರು! ರೀ! ಬೇಗ ಬರ್ರಿ! ನಾಗೇಶ ಮಾತಾಡ್ತಿಲ್ಲ... ಅಯ್ಯೋ ಬ್ಯಾಡ, ಇಳೀಬ್ಯಾಡ್ರಿ! ಬಿಡಲ್ಲ ನಿಮ್ಮನ್ನ! ಹೊಡೀರಿ ಬೇಕಾದ್ರೆ, ಕೈ ಬಿಡಲ್ಲ! ತಳದಾಗೆ ಗಾಳಿ ಕೆಟ್ಟೈತೆ ರೀ... ಹೆಂಗೆ ಗೊತ್ತು ಅಂದ್ರೆ...

ಬೆಳಿಗ್ಗೆ ನೀವಿಬ್ರೂ ಏಳಕ್ಕೆ ಮುಂಚೆ ಹಗ್ಗಕ್ಕೆ ಕಂದೀಲು ಕಟ್ಟಿ ಬಾವಿಗೆ ಬಿಟ್ಟಿದ್ದೆ, ಗಾಳಿ ಹೆಂಗೈತೆ ನೋಡಕ್ಕೆ ಅತ್ತೆ ಬಿಡ್ತಿದ್ದಂಗೆ. ಆರೋಯ್ತು. ಬತ್ತಿ ಹಳೇದು ಅಂದ್ಕಂಡೆ. ಇನ್ನೊಂದ್ಸಲ ಹಚ್ಚಿ ಬಿಟ್ಟೆ. ಆಗ್ಲೂ ಆರ್ತು. ಹೇಳಿದ್ರೆ ಇವನು ಇಳೀತಿರ್ಲಿಲ್ಲ... ಮರಿಗಳು ಸಾಯ್ತಿದ್ವು ರೀ...

ಸುಮ್ನೆ ನನ್ನ ಮುಖ ನೋಡ್ಬ್ಯಾಡ್ರಿ! ಫೈರ್ ಇಂಜಿನ್ನೋರಿಗೆ ಫೋನ್ ಮಾಡ್ರಿ! ಅವರು ಬರೋತಂಕ ಕೊಡಗಟ್ಲೆ ನೀರು ಸುರೀಬೇಕು, ಸುರಿದ್ರೆ ಕೆಟ್ಟ ಗಾಳಿ ಏಳ್ತೈತೆ ಅಂತ ಅತ್ತೆ ಹೇಳೋರು. ಸುರೀರಿ, ನೀರು ತಂದು ಸುರೀರಿ...

ನೀರು ಎಲ್ಲೈತೆ ರೀ?