ಕತ್ತಲೆ ಚೀಲ

ಹದಿನಾಲ್ಕನೇ ತಾರೀಖು, ಬುಧವಾರ. ಮೋಡ, ಗಾಳಿ... ಬೋರ್ಡ್ ಮೇಲೆ ಬರೆದಾಯ್ತು ನೋಡು. ಯಾಕೆ ಹಾಗೆ ನೋಡ್ತೀಯ? ಅಕ್ಷರ ಸೊಟ್ಟ ಅಂತಲಾ? ಎಡಗೈಯಲ್ಲಿ ಬರೆದ್ರೆ ಇನ್ನೇನಾಗುತ್ತೆ! ಬಲಗೈ ಉಳುಕಿದೆ. ಅದಕ್ಕೇ ಜೇಬಲ್ಲಿ ಮಲಗಿಸಿದ್ದೀನಿ. ನಗು ಬಂತಾ? ಬರಲಿಲ್ವಾ. ಹೋಗಲಿ ಬಿಡು.

ನಿಮ್ಮ ಮಿಸ್ ಆಗಿದ್ರೆ ಬರೀ 'ಮೋಡ' ಅಂತ ಬರೆಯೋಕೆ ಬಿಡ್ತಿದ್ರಾ? 'ಎಂಥ ಮೋಡ?' ಅನ್ನೋರು. ಗೊತ್ತು ಕಣಮ್ಮ, ಎಲ್ಲಾ ಗೊತ್ತು. ನಮ್ಮ ಎರಡು ತರಗತಿಗಳ ನಡುವೆ ಇರೋದು ಹಲಗೆ ಗೋಡೆ. ನಿಮ್ಮಲ್ಲಿ ಪೆನ್ಸಿಲ್ ಬಿದ್ರೂ ನನಗೆ ಕೇಳುತ್ತೆ. ಹೋದ ತಿಂಗಳು ನೀನೇ ಅಂದೆಯಲ್ಲ, 'ಮುನಿಸಿಕೊಂಡ ಮೋಡ' ಅಂತ? ಅಲ್ಲಿ ಚಪ್ಪಾಳೆಯೋ ಚಪ್ಪಾಳೆ. ಇಲ್ಲಿ ನನ್ನ ಮಕ್ಕಳು ಮಗ್ಗಿ ಬಿಟ್ಟು ಗೋಡೆಗೆ ಕಿವಿ ಕೊಟ್ಟು ಕೂತಿದ್ರು. ಏಳೆಂಟ್ಲಿ ಎಷ್ಟು ಅಂದ್ರೆ ಒಬ್ಬನಿಗೂ ನೆನಪಿಲ್ಲ!

ಬಾಗಿಲ ಕಡೆ ಯಾಕೆ ನೋಡ್ತೀಯ? ಹೊರಗೆ ದೊಡ್ಡ ಮೇಡಂ ಇದ್ದಾರೆ, ಅಷ್ಟೇ. ಶುಕ್ರವಾರದಿಂದ ನೀನು ತುಟಿ ಬಿಚ್ಚಿಲ್ಲ. 'ಒಂದೇ ಒಂದು ಮಾತು ಆಡಿಸಿ ಮೇಷ್ಟ್ರೇ, ಚೀಲದೊಳಗೆ ಅದನ್ನ ಯಾರು ಹಾಕಿದ್ರು ಅಂತ ಮಗುಗೆ ಗೊತ್ತಿದ್ರೂ ಇರಬಹುದು' ಅಂತ ನನ್ನ ಹತ್ರ ಬಿಟ್ಟಿದ್ದಾರೆ. ನನಗೇ ಹೇಳಿದ್ರಲ್ಲ!... ಗೊತ್ತಾ ನಿಂಗೆ? ಇಲ್ಲ ಅಲ್ವಾ? ತಲೆಯಾದ್ರೂ ಆಡಿಸು.

ಹಲಗೆ ಗೋಡೆ ಕಡೆ ನೋಡ್ತಿದ್ದೀಯಾ? ನಾಳೆ ಬರ್ತಾರೆ ನಿಮ್ಮ ಮಿಸ್. ಬರ್ತಾರೆ ಅಂದ್ನಲ್ಲ. ಬಾ, ಅಲ್ಲೀವರೆಗೆ ಪಾಠ ಮಾಡೋಣ.

ಇದೋ ಚೀಲ. ಅದೇ ನೀಲಿ ಮಖಮಲ್ಲು. ಕತ್ತಲೆ ಚೀಲ ಅಂತ ಹೆಸರಿಟ್ಟೋರು ನೀವೇ ಅಲ್ವಾ?... ಅಯ್ಯೋ, ಹಿಂದೆ ಸರಿಯಬೇಡ! ಏನೂ ಇಲ್ಲ ಒಳಗೆ. ಅಂದ್ರೆ ಇದೆ, ಉಣ್ಣೆ ಉಂಡೆ, ಬೆಣಚುಕಲ್ಲು, ಹಳೇ ಬ್ರಷ್ಷು. ನಾನೇ ಹಾಕಿದ್ದು. ಈಗ, ಈಗ ಹಾಕಿದ್ದು. ನೋಡು, ನಾನೇ ಮೊದಲು ಕೈ ಹಾಕ್ತೀನಿ. ಎಡಗೈ. ಆಹಾ, ಉಣ್ಣೆ!... ತಪ್ಪಾಯ್ತಾ? ಹೌದಲ್ಲ, ಹೆಸರು ಹೇಳಬಾರದು. ಹೆಸರು ಹೇಳಿದ್ರೆ ಔಟ್. ನೋಡದೆ ಮುಟ್ಟಿ, ಎಂಥದು ಅಂತ ಮಾತ್ರ ಹೇಳಬೇಕು.

ನಿಂಗೊಂದು ಗುಟ್ಟು ಹೇಳ್ಲಾ? ನಾನೂ ಒಂದು ಚೀಲ ಮಾಡಿದ್ದೆ. ದಿಂಬಿನ ಗವಸು. 'ನಮಗೂ ಬೇಕು, ನಮಗೂ ಬೇಕು' ಅಂತ ನನ್ನ ಮಕ್ಕಳು ಪ್ರಾಣ ತಿಂದಿದ್ರು. ಬೀಗ, ಡಸ್ಟರು, ಸೋಪು ಹಾಕಿ ತಂದೆ. ಮೊದಲನೆಯವನು ಕೈ ಹಾಕಿದ, 'ಬೀಗ!' ಅಂದ. ಎರಡನೆಯವಳು 'ಸೋಪು!' ಮೂರು ನಿಮಿಷದಲ್ಲಿ ಪಾಠ ಮುಗೀತು. ತಣ್ಣಗಿದೆ, ನುಣುಪಾಗಿದೆ ಅಂತ ಒಂದು ಪಿಳ್ಳೆಯೂ ಹೇಳಲಿಲ್ಲ. ಹೆಸರು ಹೇಳಿದ್ರೆ ಔಟ್ ಅನ್ನೋ ಆ ಒಂದು ನಿಯಮ ನನಗೆ ಹೊಳೆದಿರಲಿಲ್ಲ ನೋಡು. ಇಪ್ಪತ್ತೊಂದು ವರ್ಷ ಕಣೇ! 'ನಾಮಪದದ ಗುಣ ತಿಳಿಸುವ ಪದವೇ ಗುಣವಾಚಕ', ಮೂರು ಸಲ ಹೇಳಿ, ಐದು ಸಲ ಬರೀರಿ. ಕೆಂಪು ಹೂವು, ದೊಡ್ಡ ಮರ, ಸಿಹಿ ಹಣ್ಣು. ಇಪ್ಪತ್ತೊಂದು ವರ್ಷವೂ ಅದೇ ಹೂವು, ಅದೇ ಮರ. ನಿಮ್ಮ ಮಿಸ್ ಬಂದು ಒಂದು ವರ್ಷವೂ ಆಗಿರಲಿಲ್ಲ.

ನೀನೂ ಮೊದಲು ನನ್ನ ಹತ್ರಾನೇ ಇದ್ದೆ. ನೆನಪಿದೆಯಾ? ಎರಡು ತಿಂಗಳು ಆ ಕಿಟಕಿ ಪಕ್ಕ ಕೂತಿದ್ದೆ. ಒಂದು ಮಾತು ಆಡಿದ್ರೆ ಕೇಳು! ಮಗು ಮೂಗಿ ಇರಬೇಕು ಅಂದುಕೊಂಡಿದ್ದೆ. ಆಮೇಲೆ ಅಲ್ಲಿಗೆ ಕಳಿಸಿದ್ರು. ಎಂಟನೇ ದಿನ ಗೋಡೆಯಾಚೆ ಒಂದು ಸಣ್ಣ ದನಿ. ಚೀಲದಲ್ಲಿದ್ದ ಹಗ್ಗದ ತುದಿಗೆ, 'ಜುಂಗುಜುಂಗಾದದ್ದು' ಅಂತು. ಯಾರಪ್ಪಾ ಇದು ಅಂತ ಕಿಂಡಿಯಲ್ಲಿ ನೋಡಿದ್ರೆ, ನೀನು! ಎಂಟೇ ದಿನ! ಅವತ್ತಿಂದ ನಿಮ್ಮ ಮಿಸ್ ನಿನ್ನನ್ನ ಗುಬ್ಬಿ ಅಂತ ಕರೆಯೋಕೆ ಶುರು ಮಾಡಿದ್ರು. ನಾನು ಎರಡು ತಿಂಗಳು ಏನು, ಕಡಲೆಕಾಯಿ ತಿಂತಾ ಕೂತಿದ್ನಾ?

ಇಲ್ಲ, ಕೋಪ ಇಲ್ಲ. ನಿನ್ನ ಮೇಲೆ ಯಾಕೆ ಕೋಪ?... ಒಂದು ಸಲ ಮಾತ್ರ. ಶಾಲೆಯವರಿಗೆಲ್ಲ ಒಂದೊಂದು ಪದ ಕೊಡಿ ಅಂದಿದ್ರಲ್ಲ ನಿಮ್ಮ ಮಿಸ್, ಅವತ್ತು. ಅವರಿಗೆ ಏನೇನು ಸಿಕ್ತು! ಬೆಚ್ಚಗಿನ ಮಿಸ್ಸು, ಪುಟಿಯೋ ಮಿಸ್ಸು, ಜೇಬು ತುಂಬಿದ ಮಿಸ್ಸು. 'ಪಕ್ಕದ ಮೇಷ್ಟ್ರು?' ಅಂದಾಗ ಸದ್ದೇ ಇಲ್ಲ. ನಾನು ಸೀಮೆಸುಣ್ಣ ಹಿಡಿದು ಇಲ್ಲಿ ಕಾಯ್ತಾ ನಿಂತಿದ್ದೆ, ನಾಚಿಕೆ ಬಿಟ್ಟು. ಆಮೇಲೆ ನಿನ್ನ ಗಂಟಲು: 'ಬೂದು ಮೇಷ್ಟ್ರು.'

ತಲೆ ಎತ್ತು ಪುಟ್ಟಿ. ನೀನು ಕಂಡದ್ದು ಹೇಳಿದೆ. ಅವರು ನಕ್ಕಿದ್ರೆ ನಾನು ಹೋಗಿ ಜಗಳ ಆಡಬಹುದಿತ್ತು. ಅವರು ನಗಲಿಲ್ಲ. 'ಬೂದು ಅಂದ್ರೆ ಮಳೆಗೆ ಮುಂಚಿನ ಬಣ್ಣ, ಅದೂ ಚೆಂದವೇ' ಅಂದ್ರು. ನನ್ನ ಪರ ಮಾತಾಡೋಕೆ ಅವರು ಯಾರು? ಕೇಳಿದ್ನಾ ನಾನು?

...ಕೈ ತೋರಿಸು. ಇನ್ನೂ ಕೆಂಪಗಿದೆ. ನೋಯುತ್ತಾ? ಚೀಲದಲ್ಲಿದ್ದ ಆ ಪಾಪಾಸುಕಳ್ಳಿಯ ಗುಣವೇ ಹಾಗೆ. ಮೇಲೆ ನೋಡೋಕೆ ಮೊಲದ ಕಿವಿ ಥರ ಮೆತ್ತಗೆ, ಎಲ್ಲಾ ಕೂದಲಿನಂಥ ಮುಳ್ಳು. ಕುಂಡದಿಂದ ಮುರಿಯುವಾಗಲೇ ಹೊಕ್ಕುಬಿಡುತ್ತೆ, ಗೊತ್ತೇ ಆಗಲ್ಲ... ಅಂದ್ರೆ, ಯಾರು ಮುರಿದ್ರೋ ಅವರಿಗೆ ಹೊಕ್ಕಿರುತ್ತೆ ಅಂತ. ಶುಕ್ರವಾರ ನಿಮ್ಮ ಪಾಠ ನೋಡೋಕೆ ಬೇರೆ ಶಾಲೆಗಳ ಮೇಷ್ಟ್ರುಗಳೆಲ್ಲ ಬಂದಿದ್ರು. ಯಾವಾಗಲೂ ನಿಮ್ಮ ಮಿಸ್ಸೇ ಮೊದಲು ಕೈ ಹಾಕೋರು, ಅಲ್ವಾ? ಯಾವಾಗಲೂ! ಒಂದು ದಿನವೂ ತಪ್ಪಿಸಿದ್ದಿಲ್ಲ. ಎಲ್ಲರ ಮುಂದೆ ಅವರು ಒಂದು ಸಲ 'ಅಯ್ಯಮ್ಮಾ' ಅಂದಿದ್ರೆ ಸಾಕಿತ್ತು, ಅಷ್ಟೇ... ಅವತ್ತು ಯಾಕೆ ನಿನ್ನನ್ನ ಕರೆದ್ರು? 'ಇವತ್ತು ಮೊದಲು ನಮ್ಮ ಗುಬ್ಬಿ' ಅಂತ ಯಾಕೆ ಅಂದ್ರು?

ಏನು ನೋಡ್ತಿದ್ದೀಯ? ನನ್ನ ಜೇಬನ್ನಾ? ಉಳುಕಿದೆ ಅಂದ್ನಲ್ಲ. ಹಾಗೆ ನೋಡಬೇಡ. ಏನಾದ್ರೂ ಅನ್ನು. ಹೆಸರು ಹೇಳಬೇಡ, ಎಂಥವರು ಅಂತ ಮಾತ್ರ... ಬೇಡ, ಅದೂ ಬೇಡ.

ತಗೋ. ನೋಡು. ಹೆಬ್ಬೆರಳು, ತೋರುಬೆರಳು. ನಿನ್ನ ಬೆರಳಿನ ಹಾಗೇ ಇದೆ, ಅಲ್ವಾ? ಐದು ದಿನ ಆಯ್ತು. ಅನ್ನ ಕಲಸೋಕೂ ಆಗ್ತಿಲ್ಲ.

ಕಂಪಾಸು ಪೆಟ್ಟಿಗೆಯಲ್ಲಿ ಏನು ಹುಡುಕ್ತಿದ್ದೀಯ? ಅಂಟುಪಟ್ಟಿಯಾ? ಮಿಸ್ ಹೀಗೇ ಮುಳ್ಳು ತೆಗೆದ್ರಾ ನಿಂಗೆ, ಅಂಟಿಸಿ ಎಳೆದು?... ಬೇಡ ಪುಟ್ಟಿ. ನನಗೆ ಬೇಡ ಕಣೇ. ಆಯ್ತು... ಮೆಲ್ಲಗೆ. ಹೂಂ. ಎಳಿ.

ತಾಳು. ಒಂದು ಮಾತು. ಮಿಸ್ ನಾಳೆ ಬರ್ತಾರೆ ಅಂದ್ನಲ್ಲ, ಸುಳ್ಳು. ಮೇಡಂ ಎಲ್ಲ ಮಕ್ಕಳನ್ನೂ ನಿಲ್ಲಿಸಿ ವಿಚಾರಣೆ ಮಾಡ್ತೀನಿ ಅಂದ್ರಂತೆ. ನಿಮ್ಮ ಮಿಸ್, 'ಮಕ್ಕಳನ್ನ ಕೇಳಬೇಡಿ, ನಾನೇ ನೋಡದೆ ಹಾಕಿದ್ದು' ಅಂತ ಬರೆದುಕೊಟ್ಟರಂತೆ. ಮೇಡಂ ಪೂರ್ತಿ ನಂಬಿಲ್ಲ, ಆದ್ರೂ ಬರೆದುಕೊಟ್ಟ ಮೇಲೆ ಕಳಿಸಲೇಬೇಕಾಯ್ತಂತೆ. ಬೆಳಿಗ್ಗೆ ಕಪಾಟು ಖಾಲಿ ಮಾಡಿದ್ರು. ಪೆಟ್ಟಿಗೆ ಬಸ್ಸಿನ ತನಕ ಹೊತ್ತವನು ನಾನೇ, ಈ ಎಡಗೈಯಲ್ಲಿ. ಚೀಲ ನನ್ನ ಕೈಗೆ ಕೊಟ್ಟು, 'ಗುಬ್ಬೀನ ನೋಡ್ಕೊಳ್ಳಿ ಮೇಷ್ಟ್ರೇ, ಅವಳು ನಿಧಾನಕ್ಕೆ ಮಾತಾಡ್ತಾಳೆ' ಅಂದ್ರು. ನಾನು ಹೂಂ ಅಂದೆ. ಇನ್ನು ಬರಲ್ಲ ಅವರು.

...ಯಾಕೆ ಕೈ ಬಿಟ್ಟೆ? ಪಟ್ಟಿ ಅರ್ಧಕ್ಕೇ ನೇತಾಡ್ತಿದೆಯಲ್ಲ. ಪೂರ್ತಿ ಎಳಿ. ಗುಬ್ಬೀ... ಇಲ್ಲಿ ನೋಡು. ಪೂರ್ತಿ ಎಳಿ ಅಂದೆ.